ಶುರುವಿನ ಗಣಪತಿ

ನೆಂಟರಲ್ಲಿ ಕೊನೆಯವರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಬೆಳಿಗ್ಗೆ ಎದ್ದಾಗ ಶ್ರೀಗೌರಿಯ ಗಮನಕ್ಕೆ ಮೊದಲು ಬಂದದ್ದು ತನ್ನ ಮುಖವನ್ನು ಯಾರೂ ನೋಡುತ್ತಿಲ್ಲ ಎಂಬುದು. ಇಷ್ಟು ದಿನ ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವಳ ಕಣ್ಣು ನೋಡುತ್ತಿದ್ದರು. ಒಣಗಿದ ಕಣ್ಣು ಕಂಡು, ತಾವು ತಪ್ಪು ಮನೆಗೆ ಬಂದೆವೋ ಎಂಬಂತೆ ಅರೆಗಳಿಗೆ ನಿಂತು, ಅತ್ತೆಯ ಕಡೆ ತಿರುಗಿ ಅಳುತ್ತಿದ್ದರು. “ಅತ್ತುಬಿಡ್ಬೇಕು ಮಾರಾಯ್ತಿ, ಒಳಗಿಟ್ಕೊಂಡ್ರೆ ಒಳ್ಳೇದಲ್ಲ” ಎಂದು ಸಾಗರದ ಚಿಕ್ಕಮ್ಮ, ಅಳು ಬೆನ್ನಿನಲ್ಲೆಲ್ಲೋ ಸಿಕ್ಕಿಕೊಂಡಿದೆ ಎಂಬಂತೆ ಅವಳ ಬೆನ್ನನ್ನು ಮತ್ತೆ ಮತ್ತೆ ಸವರಿದ್ದರು. ಈಗ ಬೆನ್ನು ಹಗುರವಾಗಿತ್ತು. ಕಸದ ಗಾಡಿ ಹಾಡು ಹಾಕಿಕೊಂಡು ರವೀಂದ್ರನಗರದ ಅಡ್ಡರಸ್ತೆಗೆ ಬಂತು. ಅವಳು ಸಮಾರಾಧನೆಯ ಬಾಡಿದ ಬಾಳೆಲೆಗಳ ಚೀಲವನ್ನು ಎತ್ತಿಕೊಟ್ಟಳು. ಗಾಡಿಯವನು “ಹಸಿ ಬೇರೆ ಒಣ ಬೇರೆ ಮಾಡಿ ಅಕ್ಕ” ಎಂದು ಎಂದಿನಂತೆ ಗದರಿದಾಗ, ಯಾರೋ ಹೆಸರು ಹಿಡಿದು ಕರೆದಷ್ಟು ಸಮಾಧಾನವಾಯಿತು.

ಒಳಗೆ ಬಂದು ಹಾಲು ಕೆಳಗಿಳಿಸುವಾಗ ತೀರಿಕೊಂಡ ಗಂಡನ ಫೋನು ಹೊಡೆದುಕೊಳ್ಳತೊಡಗಿತು. ಯಾಕೆಂದು ತನಗೇ ಗೊತ್ತಿಲ್ಲದೆ ಆ ಫೋನನ್ನು ಅವಳು ಪ್ರತಿದಿನ ಚಾರ್ಜಿಗೆ ಹಾಕುತ್ತ ಬಂದಿದ್ದಳು.

“ಮೇಡಂ, ನಾನು ಭದ್ರಾವತಿ ಓಲ್ಡ್ ಟೌನಿಂದ ಶೀಲಾ. ಮಗಳ ಮದುವೆ ವಿಡಿಯೋ ಪ್ರಸಾದ್ ಸರ್‌ಗೆ ಕೊಟ್ಟಿದ್ವಲ್ಲ.” ಆಚೆಯ ದನಿ ತಗ್ಗಿತು. “ಎಲ್ಲ ಮುಗೀತಾ ಮೇಡಂ?”

“ನಿನ್ನೆಗೆ ಮುಗೀತು.”

“ತಪ್ಪು ತಿಳ್ಕೋಬೇಡಿ. ನಾಳೆ ಸಂಜೆ ನನ್ನ ತಮ್ಮ ಶಿವಮೊಗ್ಗಕ್ಕೆ ಬರ್ತಾನೆ. ಶೂಟಿಂಗ್ ಆಗಿರೋದನ್ನ ಹಾಗೇ ಒಂದು ಡಿಸ್ಕಿಗೆ ಹಾಕಿ ಕೊಟ್ಬಿಡಿ. ಬೇರೆ ಕಡೆ ಎಡಿಟಿಂಗ್ ಮಾಡಿಸ್ಕೊತೀವಿ.”

“ಎಡಿಟಿಂಗ್ ಹೆಚ್ಚುಕಮ್ಮಿ ಅವರೇ ಮುಗಿಸಿದಾರೆ. ಕೊನೇ ಫೈಲ್ ತೆಗೆಯೋದು ಬಾಕಿ. ನಾನು ತೆಗೆದುಕೊಡ್ತೀನಿ.”

“ಅದೇ ಮೇಡಂ... ಶುಭದ ವಿಡಿಯೋ ನೋಡಿ. ಹುಡುಗಿ ಈಗಷ್ಟೇ ಗಂಡನ ಮನೆ ಸೇರಿದಾಳೆ. ನನಗೇನಿಲ್ಲ, ಮನೇಲಿ ದೊಡ್ಡೋರು ಅಂತ ಇರ್ತಾರಲ್ಲ. ಈಗ ನಿಮ್ಮ ಕೈಯಲ್ಲಿ...”

ಶ್ರೀಗೌರಿ ತನ್ನ ಕೈ ನೋಡಿಕೊಂಡಳು. ಬೆರಳಿಗೆ ಹಾಲಿನ ಕೆನೆ ಅಂಟಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬೇರೆಯೇ ಒಂದು ಯೋಚನೆ: ಊರಿನ ಯಾವುದೋ ಸ್ಟುಡಿಯೋದಲ್ಲಿ ಯಾರೋ ಕೂತು, ಅವನು ಒಂದೊಂದೇ ಆರಿಸಿ ಜೋಡಿಸಿದ್ದನ್ನೆಲ್ಲ ಪಕ್ಕಕ್ಕಿಟ್ಟು, ಹಸಿ ಶೂಟಿಂಗಿನಿಂದ ಮತ್ತೆ ಶುರುಮಾಡುತ್ತಾರೆ. ಅವನು ಮಾಡಿದ ಕೊನೆಯ ಕೆಲಸ ಆಗಿಯೇ ಇರಲಿಲ್ಲ ಎಂಬಂತಾಗುತ್ತದೆ. “ನಾಳೆ ಸಂಜೆವರೆಗೆ ಟೈಮಿದೆಯಲ್ಲ,” ಎಂದಳು. “ನಾಳೆ ನಾನೇ ತಂದುಕೊಡ್ತೀನಿ. ನೋಡಿ. ಬೇಡ ಅನ್ನಿಸಿದ್ರೆ ಆಗ ಡಿಸ್ಕ್ ತಗೊಳ್ಳಿ.”

ಅವನ ಕೋಣೆಯ ಕಂಪ್ಯೂಟರಿನ ಮೇಲೆ ಅತ್ತೆ ಮಂಚದ ಹೊದಿಕೆ ಹೊದಿಸಿದ್ದರು. ಮೈಲಿಗೆಯ ದಿನಗಳಲ್ಲಿ ದೇವರ ಮನೆಗೆ ಬಾಗಿಲು ಹಾಕಿದ ಹಾಗೆ ಇದಕ್ಕೂ ಒಂದು ಮರೆ. ಹೊದಿಕೆ ಎಳೆದಾಗ ಕೀಲಿಮಣೆಯ ಮೇಲೆ ಅವನು ಕುರುಕುತ್ತಿದ್ದ ಖಾರದ ಅವಲಕ್ಕಿಯ ಚೂರುಗಳು ಕಂಡವು. ಆನ್ ಮಾಡಿದಳು. ಪ್ರಾಜೆಕ್ಟ್ ತೆರೆದುಕೊಂಡಿತು, ಶೀಲಾ ಅವರ ಮಗಳ ಮದುವೆ ಬಣ್ಣದ ಪಟ್ಟಿಗಳಾಗಿ ಉದ್ದಕ್ಕೂ ಮಲಗಿತ್ತು. ಕೊನೆಯ ಫೈಲ್ ತೆಗೆಯಲು ಎಕ್ಸ್‌ಪೋರ್ಟ್ ಒತ್ತಿದಳು. ಪರದೆ ಬೆಳ್ಳಗಾಯಿತು, ಒಂದು ಕ್ಷಣ ಉಸಿರು ಹಿಡಿದಂತೆ ನಿಂತಿತು, ಆಮೇಲೆ ಸಾಫ್ಟ್‌ವೇರ್ ಪೂರ್ತಿ ಮಾಯವಾಗಿ ಅದರ ಹಿಂದಿದ್ದ ಡೆಸ್ಕ್‌ಟಾಪಿನ ಚಿತ್ರ ಕಂಡಿತು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಅವನೇ ತೆಗೆದ ಸಿಂಹ, ಆಕಳಿಸುತ್ತಿರುವ ಸಿಂಹ. ಆ ಕೊನೆಯ ರಾತ್ರಿ ಅವನು ಇಲ್ಲಿಂದಲೇ ಕರೆದಿದ್ದ: ಗೌರಿ, ಒಂದ್ನಿಮಿಷ ಬಾ, ಇದು ಯಾಕೋ ಮತ್ತೆ ಮುಚ್ಕೊಳ್ತು. ಅವಳು ಅಡುಗೆಮನೆಯ ಮೇಜಿನಲ್ಲಿ ಕಾಲೇಜಿನ ಗಣಿತದ ಪೇಪರುಗಳನ್ನು ಹರಡಿಕೊಂಡಿದ್ದಳು. ರೀಸ್ಟಾರ್ಟ್ ಮಾಡಿ ನೋಡ್ರೀ. ಮಾಡ್ದೆ. ಇನ್ನೊಂದ್ಸಲ ಮಾಡಿ. ತಲೆ ಎತ್ತಿರಲಿಲ್ಲ. ಅವನು ಮತ್ತೆ ಕರೆಯಲೂ ಇಲ್ಲ. ಮರುದಿನ ಬೆಳಿಗ್ಗೆ ಹಾಲಿಗೆ ಹೋದವನು ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದ. ಆ ಎರಡಕ್ಕೂ ಸಂಬಂಧವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಂಬಂಧವಿಲ್ಲ ಎಂದು ಸಾಧಿಸಿ ತೋರಿಸಲೂ ಬರುತ್ತಿತ್ತು. ಆದರೂ ‘ಇನ್ನೊಂದ್ಸಲ ಮಾಡಿ’ ಎಂದ ತನ್ನ ದನಿ, ಊಟಕ್ಕೆ ಕೂತಾಗ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ, ಯಾವಾಗೆಂದರೆ ಆವಾಗ ಸಿಗುತ್ತಿತ್ತು. ಈಗ ಅವಳೇ ರೀಸ್ಟಾರ್ಟ್ ಮಾಡಿದಳು. ಇನ್ನೊಂದು ಸಲ ಮಾಡಿದಳು. ಅದು ಮತ್ತೆ ಮುಚ್ಚಿಕೊಂಡಿತು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂದು ಅವಳು ಪ್ರತಿವರ್ಷ ಕ್ಲಾಸಿನ ಮಕ್ಕಳಿಗೆ ಹೇಳುತ್ತಿದ್ದಳು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಉತ್ತರ ಸರಿಬಂದರೂ ಯಾಕೆ ಬಂತು ಎಂದು ತಿಳಿಯುವುದಿಲ್ಲ. ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಗುಡ್ಡೆಹಾಕಿಕೊಂಡಿದ್ದ ತಾತ್ಕಾಲಿಕ ಫೈಲುಗಳನ್ನು ಅಳಿಸಿದಳು. ಮುಚ್ಚಿಕೊಂಡಿತು. ಗ್ರಾಫಿಕ್ಸ್ ಕಾರ್ಡಿನ ಸಹಾಯ ಬೇಡ, ನಿಧಾನವಾದರೂ ನೀನೇ ಮಾಡು ಎಂದು ಸೆಟ್ಟಿಂಗ್ ಬದಲಾಯಿಸಿದಳು. ಮುಚ್ಚಿಕೊಂಡಿತು. ಅದನ್ನು ಮೊದಲಿನಂತೆ ಮಾಡಿ, ಫೈಲ್ ಬೀಳುವ ಜಾಗವನ್ನು ಬೇರೆ ಡ್ರೈವಿಗೆ ತಿರುಗಿಸಿದಳು. ಪ್ರತಿಸಲವೂ ಅದೇ ಬಿಳುಪು, ಅದೇ ಸಿಂಹ. ಅವಳಿಗೆ ವಿಚಿತ್ರವಾದ ನೆಮ್ಮದಿಯಾಗುತ್ತಿತ್ತು. ಇಷ್ಟು ದಿನ ಏನು ಮಾಡಬೇಕೆಂದು ಬೇರೆಯವರು ಹೇಳುತ್ತಿದ್ದರು: ಇಲ್ಲಿ ಕೂರು, ಈಗ ಎಳ್ಳು ಬಿಡು, ಈಗ ಒಳಗೆ ಹೋಗು. ಇದು ಹೇಳುತ್ತಿದ್ದುದು ಒಂದೇ ಮಾತು, ಅಲ್ಲ ಎಂದು. ಅಲ್ಲ ಎಂಬುದರಲ್ಲಿ ಸುಳ್ಳಿರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಆ ಡಬ್ಬಿ ಮುಂದೆ ಕೂತೂ ಕೂತೂ ಅವನು ಹೋದ. ಈಗ ನೀನು ಶುರು ಹಚ್ಕೊಂಡ್ಯಾ?”

“ಇವತ್ತೊಂದು ದಿನ ಅತ್ತೆ.”

“ಅವನೂ ಹಾಗೇ ಅಂತಿದ್ದ.” ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೊಸರನ್ನದ ತಟ್ಟೆ ತಂದು, ಅವನಿಗೆ ಇಡುತ್ತಿದ್ದ ಕಡೆಯೇ, ಮೌಸಿನ ಎಡಕ್ಕೆ ಇಟ್ಟರು.

ಮಧ್ಯಾಹ್ನ ಅವಳು ಸ್ವಿಚ್ ತೆಗೆದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಳು. ಒಳಗೆ ದೂಳು ಬೂದಿಯ ಹಾಗೆ ಕೂತಿತ್ತು. ಹಾಗೆ ಅನ್ನಿಸಿದ್ದಕ್ಕೆ ಮನಸ್ಸು ಒಂದು ಗಳಿಗೆ ತಡವರಿಸಿತು. ಸಂಗಮಕ್ಕೆ ಒಯ್ದ ಮಡಕೆಯನ್ನು ಅವಳು ದೂರದಿಂದ ನೋಡಿದ್ದಳಷ್ಟೆ. ಆಮೇಲೆ ಬಣ್ಣದ ಬ್ರಷ್ಷಿನಿಂದ ದೂಳು ತೆಗೆದಳು. ಎರಡು ರ‍್ಯಾಮ್ ಪಟ್ಟಿಗಳಿದ್ದವು. ಒಂದು ಅವನದು. ಇನ್ನೊಂದು ಬೇರೆ ಕಂಪನಿಯದು, ಅದರ ಮೇಲೆ ಬಿಳಿ ಟೇಪಿನಲ್ಲಿ ‘ಹಾಲೇಶ್’ ಎಂದು ಬಾಲ್‌ಪೆನ್ನಿನ ಬರಹ. ಹಾಲೇಶ ಭದ್ರಾವತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಅವನ ಗೆಳೆಯ. ಸಮಾರಾಧನೆಗೆ ಬಂದು ಊಟಕ್ಕೆ ಕೂರದೆ ಹೋಗಿದ್ದ. ಫೋನ್ ಮಾಡಿದಳು.

“ಹೌದು ಅತ್ತಿಗೆ, ನಂದೇ. ಎರಡು ದಿನಕ್ಕೆ ಕೊಡು ಮಾರಾಯ ಅಂತ ಇಸ್ಕೊಂಡು ಹೋಗಿದ್ದ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇ ಮಾಡಿದ್ದು, ಬರೀ ಮುಚ್ಕೊಳ್ತಿದೆ, ಮೆಮೊರಿ ಸಾಲ್ತಿಲ್ಲವೇನೋ ಅಂತ. ಇರ್ಲಿ ಬಿಡಿ, ನಂಗೇನು ಅರ್ಜೆಂಟಿಲ್ಲ.”

“ತೊಂದರೆ ಇದರದ್ದೇ ಇರಬಹುದಾ?”

“ನನ್ನ ಸಿಸ್ಟಮ್ಮಲ್ಲಿ ಕೋಣನ ಹಾಗೆ ದುಡೀತಿತ್ತು. ನಿಮ್ಮನೆ ನೀರು ಹಿಡೀಲಿಲ್ಲವೋ ಏನೋ.” ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. “ಅದನ್ನ ತೆಗೆದು ಒಂದ್ಸಲ ನೋಡಿ ಅತ್ತಿಗೆ.”

ತೆಗೆದು ನೋಡಿದಳು, ಮುಚ್ಚಿಕೊಂಡಿತು. ತಿರುಗಿ ಹಾಕಿದಳು, ಮುಚ್ಚಿಕೊಂಡಿತು. ಹಾಲೇಶನ ರ‍್ಯಾಮಿನದು ತಪ್ಪಿಲ್ಲ. ಹಾಗಾದರೆ ಯಂತ್ರದ್ದಲ್ಲ, ಒಳಗಿರುವ ಮದುವೆಯದು.

ಅವಳು ಹೊಸದೊಂದು ಖಾಲಿ ಪ್ರಾಜೆಕ್ಟ್ ತೆರೆದಳು. ಹಳೆಯದರಿಂದ ಒಂದೊಂದೇ ತುಂಡನ್ನು ಇದಕ್ಕೆ ತಂದು ಹಾಕಿ ನೋಡುವುದು. ಯಾವುದು ಬಂದಾಗ ಮುಚ್ಚಿಕೊಳ್ಳುತ್ತದೋ ಅದರಲ್ಲೇ ದೋಷ. ತುಂಡುಗಳನ್ನು ಹುಡುಕಲು ಹಳೆಯ ಪ್ರಾಜೆಕ್ಟಿನ ಫೋಲ್ಡರುಗಳ ಸಾಲನ್ನು ಕೆಳಕ್ಕೆ ಸರಿಸಿದಾಗ ಅದು ಮುಗಿಯಲೇ ಇಲ್ಲ. ಓಲ್ಡ್ ಟೌನ್ ಮದುವೆಯ ಕೆಳಗೆ ಹೊಳೆಹೊನ್ನೂರಿನ ಮದುವೆ, ಅದರ ಕೆಳಗೆ ತೀರ್ಥಹಳ್ಳಿಯ ಉಪನಯನ, ಗೃಹಪ್ರವೇಶ, ಸೀಮಂತ, ಮತ್ತೆ ಮದುವೆ. ಯಾವ ಕೆಲಸ ಬಂದರೂ ಅವನು ಹೊಸ ಪ್ರಾಜೆಕ್ಟ್ ಶುರುಮಾಡುತ್ತಿರಲಿಲ್ಲ. ಹಿಂದಿನದನ್ನೇ ತೆರೆದು, ಅದರ ಮೇಲೆ ಹೊಸ ಹೆಸರಿಟ್ಟು ಉಳಿಸಿಕೊಳ್ಳುತ್ತಿದ್ದ. ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಆಮೇಲೆ. ಇದೇನ್ರೀ, ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಎಂದು ಅವಳು ನಕ್ಕಿದ್ದಳು. ಹೆಪ್ಪು ಚೆನ್ನಾಗಿದ್ರೆ ಮೊಸರೂ ಚೆನ್ನಾಗಿರುತ್ತೆ ಕಣೆ. ಮೊದಲನೇದು ಚೆನ್ನಾಗಿ ಬಂತಲ್ಲ, ಅದರ ಕೈಗುಣ. ಮೊದಲನೆಯದು ಯಾರದೆಂದು ಅವಳು ಕೇಳಿರಲಿಲ್ಲ. ಸಾಲಿನ ತಳದಲ್ಲಿ ಒಂದು ಫೋಲ್ಡರಿತ್ತು. ಹೆಸರು ‘ನಮ್ಮದು’.

ಅದರೊಳಗೆ ಚಿತ್ರಗಳಿರಲಿಲ್ಲ. ಆ ದೃಶ್ಯಗಳಿದ್ದ ಹಳೆಯ ಡಿಸ್ಕು ಕೆಟ್ಟುಹೋಗಿ ವರ್ಷಗಳಾಗಿದ್ದವು. ಹೆಸರುಗಳು ಮಾತ್ರ ಇದ್ದವು. ಗೌರಿ ನಗು. ಗೌರಿ ನಗು ಎರಡು. ಗೌರಿ ಸಿಟ್ಟು. ಮಾವ ಕಣ್ಣೊರೆಸಿದ್ದು. ಜೀರಿಗೆ ಬೆಲ್ಲ ಜಾರಿದ್ದು. ಅಮ್ಮ ಯಾರನ್ನೋ ಹುಡುಕ್ತಿದಾಳೆ. ಯಾವುದನ್ನು ಒತ್ತಿದರೂ ಫೈಲ್ ಸಿಗುತ್ತಿಲ್ಲ ಎಂಬ ಕೆಂಪು ಪರದೆ. ಗೌರಿ ಸಿಟ್ಟು ಯಾವಾಗಿನದು? ನೆನಪು ಮಾಡಿಕೊಳ್ಳಲು ನೋಡಿದಳು. ಬಾಸಿಂಗ ಹಣೆಗೆ ಒತ್ತುತ್ತಿದ್ದುದು ನೆನಪಾಯಿತು, ಹೊಗೆ ನೆನಪಾಯಿತು, ಸಿಟ್ಟು ನೆನಪಾಗಲಿಲ್ಲ. ಊರವರ ಮದುವೆಗಳೆಲ್ಲ ಈ ಖಾಲಿ ಹೆಸರುಗಳ ಮೇಲೆ ಕೂತಿದ್ದವು. ಎದೆಯಲ್ಲಿ ಏನೋ ಅಲ್ಲಾಡಬೇಕಿತ್ತು. ಅವಳು ಕಾದಳು. ಬೆರಳು ಮೌಸಿನ ಮೇಲೆ ತಣ್ಣಗೆ ಕೂತಿತ್ತು. ಆಮೇಲೆ ಮೇಲಕ್ಕೆ ಸರಿಸಿ, ಕೆಲಸ ಮುಂದುವರಿಸಿದಳು.

ವರಪೂಜೆ ತಂದಳು, ಎಕ್ಸ್‌ಪೋರ್ಟ್ ಒತ್ತಿದಳು, ಫೈಲ್ ಬಂತು. ಧಾರೆ ತಂದಳು, ಬಂತು. ಸಪ್ತಪದಿ, ಆರತಕ್ಷತೆ, ಹೆಣ್ಣೊಪ್ಪಿಸುವುದು, ಎಲ್ಲ ಬಂದವು. ಉಳಿದದ್ದು ತೀರ ಮೊದಲಿನ ತುಂಡು ಒಂದೇ: ಕೆಂಪು ಕಮಲ ಅರಳಿ ಅದರೊಳಗಿಂದ ಬಂಗಾರದ ಗಣಪತಿ ಮೂಡುವ ಶುರುವಿನ ಚಿತ್ರ. ಅವನೇ ಯಾವುದೋ ಹಳೆಯ ಟೈಟಲ್ ಮಾಡುವ ಸಾಫ್ಟ್‌ವೇರಿನಲ್ಲಿ ತಮ್ಮ ಮದುವೆಗೆಂದು ಕಷ್ಟಪಟ್ಟು ಮಾಡಿದ್ದು. ಅಂದಿನಿಂದ ಪ್ರತಿ ವಿಡಿಯೋದ ತಲೆಯಲ್ಲೂ ಅದೇ. ತಂದು ಹಾಕಿದಳು. ಪರದೆ ಬೆಳ್ಳಗಾಯಿತು. ಸಿಂಹ ಆಕಳಿಸಿತು. ಅವಳು ಬೆನ್ನು ಹಿಂದಕ್ಕೆ ಚಾಚಿ ಕೂತಳು. ಹೊಸ ಸಾಫ್ಟ್‌ವೇರಿಗೆ ಹಳೆಯ ಗಣಪತಿ ಒಗ್ಗಿರಲಿಲ್ಲ, ಅಷ್ಟೆ. ಅವನು ರ‍್ಯಾಮಿಗಾಗಿ ಭದ್ರಾವತಿವರೆಗೆ ಹೋಗಿದ್ದ, ಏನೆಲ್ಲ ತೆಗೆದು ಏನೆಲ್ಲ ಹಾಕಿ ನೋಡಿದ್ದ, ಇದನ್ನೊಂದು ಮುಟ್ಟಿರಲಿಲ್ಲ. ದೋಷ ಅಲ್ಲಿರಬಹುದೆಂದು ಅವನಿಗೆ ಹೊಳೆದೇ ಇರಲಾರದು. ಅಥವಾ ಹೊಳೆದಿತ್ತೇ? ಹೊಳೆದಾಗಲೇ ಕರೆದನೇ, ಒಂದ್ನಿಮಿಷ ಬಾ ಎಂದು?

ಅವಳು ಎದ್ದು ಮುಖ ತೊಳೆದು ಬಂದಳು.

ಗಣಪತಿ ಇಲ್ಲದ ಮದುವೆ ವಿಡಿಯೋವನ್ನು ಶೀಲಾ ಒಪ್ಪುವುದಿಲ್ಲ. ಅದೂ ಈ ಕೈಯಿಂದ ಬಂದದ್ದನ್ನು. ಅವಳು ಆ ಮದುವೆಯ ಹಸಿ ಶೂಟಿಂಗನ್ನು ಮೊದಲಿನಿಂದ ನೋಡುತ್ತ ಹೋದಳು. ಮುಂಜಾನೆಯ ಛತ್ರ, ನೀರು ಚಿಮುಕಿಸಿದ ನೆಲ, ಬಾಳೆಕಂದು ಕಟ್ಟುವವರ ಬೈಗುಳ. ಆಮೇಲೆ ಒಂದು ವೀಳ್ಯದೆಲೆ. ಎಲೆಯ ಮೇಲೆ ಹಸಿ ಅರಿಸಿನದ ಪುಟ್ಟ ಗಣಪತಿ, ಮೂಗಿಲ್ಲ ಸೊಂಡಿಲಿಲ್ಲ, ಬರೀ ಒಂದು ಮುದ್ದೆ, ತಲೆಯ ಮೇಲೆ ಗರಿಕೆ. ಮುದ್ದೆಯ ಬದಿಯಲ್ಲಿ ಯಾರದೋ ಹೆಬ್ಬೆರಳಿನ ಗೆರೆಗಳು ಅಚ್ಚಾಗಿದ್ದವು. ಕ್ಯಾಮೆರಾ ಅಲ್ಲಾಡದೆ ಅದನ್ನೇ ನೋಡುತ್ತಿತ್ತು, ಅವನು ಉಸಿರು ಬಿಗಿಹಿಡಿದು ನಿಂತದ್ದು ಗೊತ್ತಾಗುವಂತೆ. ಇಷ್ಟು ಚೆನ್ನಾಗಿ ತೆಗೆದದ್ದನ್ನು ಅವನು ಬಳಸಿರಲಿಲ್ಲ. ತಲೆಯಲ್ಲಿ ಕಮಲ ಇದ್ದೇ ಇತ್ತಲ್ಲ. ಅವಳು ಅದನ್ನು ಎತ್ತಿ ಮೊದಲಿಗಿಟ್ಟಳು.

ಅವನ ದನಿಗಳು ಉಳಿದವು. ‘ಸರ್ ಸ್ವಲ್ಪ ಹಿಂದೆ’, ‘ಭಟ್ರೆ, ಕೈ ಅಡ್ಡ ಬರ್ತಿದೆ’, ‘ಅಜ್ಜೀ, ಇತ್ಲಾಗ್ ನೋಡಿ’. ಮದುವೆ ವಿಡಿಯೋದಲ್ಲಿ ವಿಡಿಯೋದವನು ಇರ್ಬಾರ್ದು ಎಂದು ಅವನು ಕೊನೆಯ ಸುತ್ತಿನಲ್ಲಿ ಇವನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದ. ಆ ಸುತ್ತು ಬಾಕಿಯಿತ್ತು. ಪರದೆಯ ಮೇಲೆ ಒಬ್ಬ ಮನುಷ್ಯನ ಮಾತೆಂದರೆ ಒಂದು ಸಣ್ಣ ಗುಡ್ಡ, ಏರಿ ಇಳಿಯುವ ಗೆರೆ. ಆ ಕಡೆ ಒಂದು ಕತ್ತರಿ, ಈ ಕಡೆ ಒಂದು ಕತ್ತರಿ, ಅಳಿಸು. ಅವಳು ಒಂದನ್ನೂ ಬಿಡಲಿಲ್ಲ. ಅವನು ಇದ್ದಿದ್ದರೆ ಬಿಡುತ್ತಿರಲಿಲ್ಲ. ‘ಅಜ್ಜೀ’ಯ ಹತ್ತಿರ ಬಂದಾಗ ಮಾತ್ರ ಒಂದು ಸಲ ಹಿಂದಕ್ಕೆ ಹೋಗಿ ಕೇಳಿದಳು. ಆಮೇಲೆ ಅದನ್ನೂ ತೆಗೆದಳು. ಎಕ್ಸ್‌ಪೋರ್ಟ್ ಒತ್ತಿದಳು. ನೀಲಿ ಗೆರೆ ಎಡದಿಂದ ಹೊರಟು, ಸಂಜೆಯ ಬಿಸಿಲು ಕಿಟಕಿಯ ಸರಳು ದಾಟುವಷ್ಟರಲ್ಲಿ ಬಲದ ಅಂಚು ಮುಟ್ಟಿತು.

ಮರುದಿನ ಭದ್ರಾವತಿಯ ಬಸ್ಸು ಹತ್ತುವ ಮೊದಲು ಅವಳು ಹಾಲೇಶನ ರ‍್ಯಾಮ್ ಬಿಚ್ಚಿ, ಕಾಗದದಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡಳು.

ಓಲ್ಡ್ ಟೌನಿನ ಆ ಮನೆಯಲ್ಲಿ ಶೀಲಾ ಅವಳನ್ನು ಕೂರಿಸಿದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ. ಗೋಡೆಗೊರಗಿ ಶೀಲಾರ ಅತ್ತೆ ಚಿನ್ನಮ್ಮ ಕಾಲು ಚಾಚಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಪೆನ್‌ಡ್ರೈವನ್ನು ಟಿ.ವಿ.ಗೆ ಸಿಕ್ಕಿಸುವಾಗ ಶೀಲಾ ಬೆರಳ ತುದಿಯಲ್ಲಿ ಹಿಡಿದರು. “ನಮ್ಮ ತಮ್ಮನಿಗೆ ಬರ್ಬೇಡ ಅಂತ ಹೇಳಿಲ್ಲ ಮೇಡಂ, ನೋಡೋಣ ಅಂತ.” ಪರದೆಯ ಮೇಲೆ ವೀಳ್ಯದೆಲೆ ಬಂತು. ಅರಿಸಿನದ ಮುದ್ದೆ, ಗರಿಕೆ, ಹೆಬ್ಬೆರಳಿನ ಗೆರೆ. ಹಿನ್ನೆಲೆಯಲ್ಲಿ ವಾದ್ಯದವರು ಶ್ರುತಿ ಹಿಡಿಯುತ್ತಿದ್ದರು. ಶೀಲಾ ನಿಂತಲ್ಲೇ ನಿಂತರು.

“ಇದು ನಮ್ಮನೇದೇ ಗಣಪ.”

“ಹೌದು.”

“ನಾನೇ ಕಲೆಸಿ ಮಾಡಿದ್ದು. ಅರಿಸಿನ ನೀರಾಗೋಗಿ ನಿಲ್ತಾನೇ ಇರ್ಲಿಲ್ಲ, ಆಮೇಲೆ ಹಿಂಗೆ ಒತ್ತಿ ನಿಲ್ಸಿದ್ದು.” ಹೆಬ್ಬೆರಳು ಎತ್ತಿ ತೋರಿಸಿದರು, ಅದನ್ನೇ ಒಮ್ಮೆ ನೋಡಿಕೊಂಡರು. “ಎಲ್ಲರ ವಿಡಿಯೋದಲ್ಲೂ ಆ ಕಮಲದ್ದು ಇರುತ್ತಲ್ಲ.”

“ಇದಕ್ಕೆ ಇದೇ ಸರಿ ಅನ್ನಿಸ್ತು.”

ಶೀಲಾ ನೆಲದ ಮೇಲೆ ಕೂತರು. ಧಾರೆಯ ಹೊತ್ತಿಗೆ ಫೋನ್ ಎತ್ತಿ, “ಬರೋದು ಬೇಡ ಕಣೋ, ಬಂದಿದೆ” ಎಂದಷ್ಟೇ ಹೇಳಿ ಇಟ್ಟರು. ಪರದೆಯ ಮೇಲೆ ಚಿನ್ನಮ್ಮ ಬಂದರು. ಮಂಟಪದ ಕಡೆ ನೋಡುತ್ತಿದ್ದವರು ಥಟ್ಟನೆ ಇತ್ತ ತಿರುಗಿ, ಬೊಚ್ಚುಬಾಯಿ ತುಂಬ ನಕ್ಕರು.

“ಏ ಶೀಲಾ, ಯಾರನ್ನ ನೋಡಿ ಹಂಗ್ ಹಲ್ಕಿರೀತಿದೀನೇ ನಾನು?”

“ನಿಮಗೆ ಹಲ್ಲೆಲ್ಲಿದೆ ಅತ್ತೆ.”

“ಅಜ್ಜೀ ಅಜ್ಜೀ ಅಂತ ಒಬ್ಬ ಹುಡುಗ ಕೂಗ್ದ. ಅದೇ ಇಲ್ವಲ್ಲ ಇದ್ರಾಗೆ.”

“ವಿಡಿಯೋ ತೆಗೆಯೋರ ಮಾತು ಇಡಲ್ಲ ಅತ್ತೆ.” ಶೀಲಾ ಶ್ರೀಗೌರಿಯ ಕಡೆ ನೋಡಲಿಲ್ಲ.

“ಮೊದ್ಲಿತ್ತು. ತೆಗೆದಿದ್ದು ನಾನೇ ಅಜ್ಜಿ,” ಎಂದಳು ಶ್ರೀಗೌರಿ. ತನ್ನ ದನಿ ಎಲ್ಲೋ ಹೊರಗಿನಿಂದ ಕೇಳಿದಂತಿತ್ತು. “ತೆಗೀಬೇಕಾಗುತ್ತೆ.”

ಅಜ್ಜಿ ಅವಳ ಬೋಳು ಹಣೆಯನ್ನು ಒಂದು ಗಳಿಗೆ ನೋಡಿದರು. ಟಿ.ವಿ.ಯಲ್ಲಿ ತಾನು ಯಾರಿಗೋ ನಗುತ್ತಲೇ ಇರುವುದನ್ನು ನೋಡುತ್ತ ಎಲೆಗೆ ಸುಣ್ಣ ಹಚ್ಚಿದರು. ಹೊರಡುವಾಗ ಶೀಲಾ ರೂಢಿಯಂತೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದವರು ಅರ್ಧ ದಾರಿಯಲ್ಲಿ ನಿಂತು, ತಟ್ಟೆಯನ್ನು ಟಿ.ವಿ.ಯ ಮೇಜಿನ ಮೇಲಿಟ್ಟು, ಎರಡು ಬಾಳೆಹಣ್ಣು ಮಾತ್ರ ತಂದು ಅವಳ ಕೈಗಿಟ್ಟರು. ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಬಿಡಿಸಿಕೊಳ್ಳಬೇಕೋ ಬೇಡವೋ ತಿಳಿಯದೆ ಶ್ರೀಗೌರಿ ಹಾಗೇ ನಿಂತಿದ್ದಳು.

ಹಾಲೇಶನ ಸ್ಟುಡಿಯೋ ಅದೇ ಬೀದಿಯ ಕೊನೆಗೆ. ಅವಳು ಒಳಗೆ ಹೋದಾಗ ಅವನು ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದ. ಪರದೆಯ ಮೇಲೆ ಯಾರದೋ ಮದುಮಗನ ಫೋಟೋ ಅರ್ಧ ಬಿಡಿಸಿಕೊಂಡು ಮೂಗಿನ ಹತ್ತಿರ ನಿಂತಿತ್ತು. ಗಡಬಡಿಸಿ ಎದ್ದ. “ಅತ್ತಿಗೆ, ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ.”

“ಯಾವಾಗಿಂದ ಹೀಗೆ?”

“ಏನು?”

“ಇದು ನಿಲ್ತಾ ಇರೋದು.”

ಅವನು ಮದುಮಗನ ಅರ್ಧ ಮೂಗನ್ನು ನೋಡಿದ. “ಹಂಗೇನಿಲ್ಲ. ಸ್ವಲ್ಪ ಸ್ಲೋ ಅಷ್ಟೆ. ನಡೀತದೆ.”

“ವಾಪಸ್ ಕೇಳಬಹುದಿತ್ತು.”

“ಹೆಂಗ್ ಕೇಳೋದು ಅತ್ತಿಗೆ,” ಎಂದ ಹಾಲೇಶ. ಅವಳು ಕಾಗದ ಬಿಚ್ಚಿದಾಗ ಎರಡೂ ಕೈ ಅಡ್ಡ ಆಡಿಸಿದ. “ನಿಮ್ಮತ್ರನೇ ಇರ್ಲಿ. ಅವನಿಗೆ ಅಂತ ಕೊಟ್ಟಿದ್ದು.”

“ಎರಡು ದಿನಕ್ಕೆ ಅಂತ ತಂದಿದ್ರು. ಮಿಷನ್ ಆಫ್ ಮಾಡಿ.”

“ಅಲ್ಲಿಡಿ, ಆಮೇಲೆ ನಾನು ಹಾಕ್ಕೊತೀನಿ.”

“ಆಫ್ ಮಾಡಿ ಹಾಲೇಶ್.”

ಅವನು ಮಾಡಿದ. ಮದುಮಗ ಕಪ್ಪಾದ. ಅವಳು ಬ್ಯಾಗನ್ನೂ ಬಾಳೆಹಣ್ಣನ್ನೂ ಕುರ್ಚಿಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಮಂಡಿಯೂರಿ, ಕ್ಯಾಬಿನೆಟ್ಟಿನ ತಗಡು ಸರಿಸಿದಳು. ಒಳಗೆ ಒಂದು ರ‍್ಯಾಮಿನ ಪಕ್ಕದಲ್ಲಿ ಖಾಲಿ ಸಂದು, ಅದರ ಎರಡೂ ತುದಿಯ ಕೊಂಡಿಗಳು ತೆರೆದೇ ಇದ್ದವು. ಪಟ್ಟಿಯ ಕಚ್ಚನ್ನು ಸಂದಿನ ಉಬ್ಬಿಗೆ ಹೊಂದಿಸಿ, ಎರಡು ಹೆಬ್ಬೆರಳಿಟ್ಟು ಒತ್ತಿದಳು. ಒಂದು ಬದಿಯ ಕೊಂಡಿ ಕೂತಿತು. ಇನ್ನೊಂದು ಕೂರಲಿಲ್ಲ. “ನಾನು...” ಎಂದು ಹಾಲೇಶ ಬಗ್ಗಿದ. ಅವಳು ಕೈ ತೆಗೆಯಲಿಲ್ಲ. ಇನ್ನೂ ಸ್ವಲ್ಪ ಭಾರ ಬಿಟ್ಟಳು, ಅದೂ ಕೂತಿತು.